ಮೂರರಿಂದ ಸೊನ್ನೆಗೆ

ನನ್ನ ಗಂಡ ರಾವಿರಿ ದೇಶದ ದಕ್ಷಿಣ ತುದಿಯ ಬಂದರು ಊರು ಬ್ಲಫ್‌ನಲ್ಲಿ ಹುಟ್ಟಿ ಬ್ಲಫ್‌ನಲ್ಲೇ ಬೆಳೆದವನು. ಹೋದ ಬೇಸಿಗೆಯಲ್ಲಿ ತೀರಿಕೊಂಡ. ಅವನ ಮಾತು ಬಂದರೆ ಜನ ಅವನ ಹಾಡಿನ ಬಗ್ಗೆ ಹೇಳುತ್ತಾರೆ. ಸಮುದ್ರಕ್ಕೆ ಬಿದ್ದ ಒಬ್ಬನನ್ನು ಕೂದಲು ಹಿಡಿದು ದೋಣಿಗೆ ಎಳೆದುಹಾಕಿದ್ದನ್ನು ಹೇಳುತ್ತಾರೆ. ಎರಡೂ ನಿಜ. ನಾನು ಹೇಳುವುದು ಅವನ ಎಡಗಾಲಿನ ವಿಷಯ ಮತ್ತು ಅವನು ನಿಕೋಟಿನ್ ಬಿಟ್ಟ ವಿಷಯ. ಅದನ್ನು ಮೊದಲಿಂದ ಕೊನೆಯವರೆಗೆ ನೋಡಿದವಳು ನಾನೊಬ್ಬಳೇ.

ಹದಿನಾಲ್ಕಕ್ಕೆ ಅವನು ಸ್ಕೂಲು ಬಿಟ್ಟ. ಅದೇ ವಾರ ಸಿಗರೇಟು ಹಿಡಿದ. ಅವನ ಅಪ್ಪ ಎರಡಕ್ಕೂ ಸೇರಿಸಿ ಒಂದೇ ಏಟು ಹೊಡೆದರಂತೆ. ಮೊದಲು ಮಾಂಸದ ಕಾರ್ಖಾನೆಯಲ್ಲಿ ಕೆಲಸ ಮಾಡಿದ, ಆಮೇಲೆ ಸಿಂಪಿ ಹಿಡಿಯುವ ದೋಣಿ ಸೇರಿದ. ನಾನು ಅವನನ್ನು ಕಂಡದ್ದು ಕಾರ್ಖಾನೆಯಲ್ಲಿ. ಕುರಿಯ ಕರುಳು ತೊಳೆಯುವ ಸಾಲಿನಲ್ಲಿ ನಿಂತಿದ್ದೆ. ಬಿಡುವಿನಲ್ಲಿ ಬಂದು "ಬೆಂಕಿ ಇದ್ಯಾ?" ಅಂದ. ನಾನು ಸೇದುವವಳಲ್ಲ. "ಇಲ್ಲ" ಅಂದೆ. ಮರುದಿನವೂ ಬಂದು ಅದನ್ನೇ ಕೇಳಿದ. ಅದರ ಮರುದಿನವೂ ಕೇಳಿದ. ಹಾಗೆ ನಮ್ಮ ಮದುವೆಯಾಯಿತು.

ಸಿಂಪಿ ಬಾಚುವ ಕಬ್ಬಿಣದ ಬಲೆ ಒಂದು ಮಂಚದಷ್ಟು ದೊಡ್ಡದು. ಸಮುದ್ರದ ತಳದಿಂದ ಅದನ್ನು ಎತ್ತಿ ದೋಣಿಯ ಮೇಲೆ ಇಳಿಸುತ್ತಾರೆ. ಒಂದು ದಿನ ಅಲೆಗೆ ದೋಣಿ ಓಲಾಡಿ ಬಲೆ ಅವನ ಎಡಗಾಲಿನ ಹರಡಿನ ಮೇಲೆ, ಪಾದದ ಕೀಲಿನ ಮೇಲೆ, ಕೂತಿತು. ಜೊತೆಯವರು ಬಲೆ ಎತ್ತಿದರು, ಸಿಂಪಿ ಸುರಿದರು, ಆಮೇಲೆ ದೋಣಿಯನ್ನು ದಡಕ್ಕೆ ತಿರುಗಿಸಿದರು. ರಾವಿರಿ ಅದನ್ನು ತಪ್ಪು ಅನ್ನಲಿಲ್ಲ. ಆ ಸಲ ಸಿಂಪಿ ಚೆನ್ನಾಗಿ ಬಿದ್ದಿತ್ತು ಎಂದ.

ಆಸ್ಪತ್ರೆಯಲ್ಲಿ ಪಟ್ಟಿ ಹಾಕಿದರು. ಪಟ್ಟಿ ಬಿಚ್ಚಿದಾಗ ಕಾಲು ಇತ್ತು, ಆದರೆ ಅದು ಅವನ ಮಾತು ಕೇಳುತ್ತಿರಲಿಲ್ಲ. ಸಮತಟ್ಟು ನೆಲದಲ್ಲಿ ಕೋಲು ಹಿಡಿದು ಅಂಗಡಿಯವರೆಗೆ ಹೋಗಿಬರುತ್ತಿದ್ದ. ದಿಣ್ಣೆ ಹತ್ತಲು ಆಗುತ್ತಿರಲಿಲ್ಲ. ದೋಣಿಯ ಕೆಲಸ ಹೋಯಿತು. ಅದಕ್ಕೆ ಅವನು ಅಷ್ಟೇನೂ ಕೊರಗಲಿಲ್ಲ. ಕೊರಗಿದ್ದು ದ್ವೀಪಕ್ಕೆ.

ಏಪ್ರಿಲ್ ಬಂದರೆ ನಾವು ಟೀಟಿ ಎಂಬ ಕಡಲಹಕ್ಕಿಯ ಮರಿ ಹಿಡಿಯಲು ದ್ವೀಪಕ್ಕೆ ಹೋಗುತ್ತೇವೆ. ಹಿಡಿಯುವ ಹಕ್ಕು ಅವನ ಅಮ್ಮನ ಕಡೆಯಿಂದ ಬಂದದ್ದು, ನಾನು ಮದುವೆಯಾಗಿ ಸೇರಿಕೊಂಡವಳು. ಮೇ ಮುಗಿಯುವವರೆಗೆ ಅಲ್ಲೇ ಇರುತ್ತೇವೆ. ಟೀಟಿ ನೆಲದಲ್ಲಿ ಬಿಲ ತೋಡಿ ಮರಿ ಮಾಡುತ್ತದೆ. ಹೊಟ್ಟೆಯ ಮೇಲೆ ಮಲಗಿ ಭುಜದವರೆಗೆ ಕೈ ತೂರಿಸಿ ಮರಿಯನ್ನು ಎಳೆಯಬೇಕು. ಅಲ್ಲಿನ ನೆಲ ಬರೀ ಇಳಿಜಾರು, ಬೇರು, ಕೆಸರು. ಎರಡು ಕಾಲೂ ನೆಟ್ಟಗಿದ್ದವರೇ ಬೀಳುತ್ತಾರೆ. ಕಾಲು ಹೋದ ಮೇಲೆ ರಾವಿರಿ ಎರಡು ವರ್ಷ ಶೆಡ್ಡಿನಲ್ಲಿ ಕೂತು ಪುಕ್ಕ ಕಿತ್ತ. ಶೆಡ್ಡಿನಲ್ಲಿ ಕೂರುವುದು ಮುದುಕರ ಕೆಲಸ, ನೆಂಟರ ಕೆಲಸ. ನಾನು ಇಪ್ಪತ್ತು ವರ್ಷ ಮಾಡಿದ್ದೇನೆ, ನನಗೆ ಏನೂ ಆಗಿಲ್ಲ. ಅವನಿಗೆ ಆಯಿತು. ಸಂಜೆ ಬೇರೆಯವರು ತಮ್ಮ ಚೀಲ ಇಳಿಸುವಾಗ ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಮೂಳೆಯ ಡಾಕ್ಟರು ಹತ್ತಿರದ ಪಟ್ಟಣ ಇನ್ವರ್‌ಕಾರ್ಗಿಲ್‌ನಲ್ಲಿದ್ದರು. ಹೆಸರು ಪೆಂಬರ್ಟನ್, ಸಣ್ಣ ಹೆಂಗಸು, ಕೈ ಮಾತ್ರ ಬಡಗಿಯ ಕೈ. ಅವರು ಎಕ್ಸ್‌ರೇ ನೋಡಿ, ಹರಡಿನ ಮೂಳೆಗಳನ್ನು ಸ್ಕ್ರೂ ಹಾಕಿ ಒಂದಾಗಿಸಬಹುದು ಎಂದರು. ಆಮೇಲೆ ಹರಡು ಮಡಚುವುದಿಲ್ಲ, ಆದರೆ ನೋಯುವುದೂ ಇಲ್ಲ. ದಿಣ್ಣೆ ಹತ್ತಬಹುದು.

"ಸಿಗರೇಟು ಸೇದ್ತೀರಾ?"

"ಬಿಟ್ಟು ಆರು ತಿಂಗಳಾಯ್ತು. ಈಗ ವೇಪು ಅಷ್ಟೇ, ಈ ಬ್ಯಾಟರಿ ಸಿಗರೇಟು."

"ಅದರಲ್ಲಿ ನಿಕೋಟಿನ್ ಇದೆಯಾ?"

"ಅದಕ್ಕೇ ತಾನೇ ಸೇದೋದು."

"ಹಾಗಾದ್ರೆ ಆಗಲ್ಲ. ನಿಕೋಟಿನ್ ಇದ್ರೆ ಮೂಳೆಗೆ ರಕ್ತ ಸರಿಯಾಗಿ ಹೋಗಲ್ಲ. ನಾನು ಎಷ್ಟು ಚೆನ್ನಾಗಿ ಸ್ಕ್ರೂ ಹಾಕಿದ್ರೂ ಅದು ಕೂಡಿಕೊಳ್ಳಲ್ಲ."

"ಇದು ಹೊಗೆ ಅಲ್ಲ ಡಾಕ್ಟ್ರೇ. ಬರೀ ಆವಿ."

"ಮೂಳೆಗೆ ಅದು ಗೊತ್ತಾಗಲ್ಲ" ಎಂದರು ಪೆಂಬರ್ಟನ್.

ಮುಂದಿನ ಜೂನ್‌ಗೆ ಅವನ ಹೆಸರು ಹಾಕಿಕೊಂಡರು. ಅದಕ್ಕೆ ಮೊದಲು ಮೂತ್ರ ಪರೀಕ್ಷೆ. ಅದರಲ್ಲಿ ನಿಕೋಟಿನ್ ಕಂಡರೆ ಹೆಸರು ಹೊಡೆದುಹಾಕುತ್ತಾರೆ. ಇನ್ನೊಂದು ವರ್ಷ ಇದೇ ಕಾಲಿನಲ್ಲಿ ಕುಂಟಿದರೆ ಮೂಳೆ ಸವೆದು ಕೂಡಿಸಲು ಏನೂ ಉಳಿಯುವುದಿಲ್ಲ ಎಂದೂ ಹೇಳಿದರು. ರಾವಿರಿ ಹೋಗಿ ಕಾರಿನಲ್ಲಿ ಕೂತ. ಆಮೇಲೆ ಕಿಟಕಿ ಇಳಿಸಿ ವೇಪು ಸೇದಿದ.

ಒಂದೇ ಸಲಕ್ಕೆ ಬಿಟ್ಟುಬಿಡು ಎಂದು ಹೇಳುವುದು ಸುಲಭ. ಸಿಗರೇಟನ್ನು ಅವನು ಹಾಗೆ ಒಂದೇ ಸಲಕ್ಕೆ ಬಿಟ್ಟಿದ್ದ, ಬೇಕಾದಷ್ಟು ಸಲ. ಒಮ್ಮೆ ಬಿಟ್ಟಾಗ ಕೆಟಲನ್ನು ಕಿಟಕಿಯಿಂದ ಆಚೆ ಎಸೆದ. ಕಿಟಕಿ ಮುಚ್ಚಿತ್ತು. ಹಾಗಾಗಿ ಇಬ್ಬರೂ ವೇಪಿನ ಅಂಗಡಿಗೆ ಹೋದೆವು. ಅಲ್ಲಿ ಶೆರಿಡನ್ ಎಂಬ ಬಿಳಿಯ ಹುಡುಗಿ ಇದ್ದಳು. ಕುತ್ತಿಗೆಯ ತುಂಬ ಹಚ್ಚೆ, ಮಾತು ಮಾತ್ರ ನರ್ಸಮ್ಮನ ಮಾತು.

"ಮೆಟ್ಟಿಲು ಇಳಿದ ಹಾಗೆ ಇಳೀಬೇಕು ಅಂಕಲ್. ಈಗ ಹದಿನೆಂಟರಲ್ಲಿದೀರಿ. ಮುಂದೆ ಹನ್ನೆರಡು, ಆಮೇಲೆ ಆರು, ಮೂರು, ಕೊನೆಗೆ ಸೊನ್ನೆ. ಒಂದೊಂದರಲ್ಲಿ ನಿಂತು, ಅದು ಅಭ್ಯಾಸ ಆದ ಮೇಲೆ ಮುಂದಿನದಕ್ಕೆ."

"ಸೊನ್ನೇಲಿ ಏನಿರತ್ತೆ?"

"ರುಚಿ ಇರತ್ತೆ."

"ರುಚಿ ಬೇಕಾದ್ರೆ ಇವಳು ಅಡುಗೆ ಮಾಡ್ತಾಳೆ" ಎಂದು ನನ್ನನ್ನು ತೋರಿಸಿದ.

ಆ ಸಂಖ್ಯೆಗಳು ಬಾಟಲಿಯ ರಸದಲ್ಲಿ ನಿಕೋಟಿನ್ ಎಷ್ಟಿದೆ ಎಂಬುದರ ಲೆಕ್ಕ. ಅವನು ಕಸ್ಟರ್ಡ್ ರುಚಿಯದನ್ನು ಆರಿಸಿಕೊಂಡ. ಜೀವಮಾನದಲ್ಲಿ ಅವನು ಕಸ್ಟರ್ಡ್ ತಿಂದದ್ದನ್ನು ನಾನು ನೋಡಿಲ್ಲ. ಯಾಕೆ ಅದೇ ಎಂದರೆ, ಬೇರೆ ಎಲ್ಲವೂ ಹಣ್ಣು ಎಂದ.

ಹನ್ನೆರಡಕ್ಕೆ ಇಳಿದ ವಾರ ಅವನು ಸೇದುವುದು ಎರಡರಷ್ಟಾಯಿತು. ಬಾಟಲಿಯಲ್ಲಿ ಕಡಿಮೆ ಮಾಡಿದ್ದನ್ನು ಬಾಯಿಯಿಂದ ಸರಿಮಾಡಿಕೊಂಡ. ಬೆಳಿಗ್ಗೆ ಎದ್ದರೆ ಹಾಲ್‌ನಲ್ಲಿ ಮೋಡ. ಟಿವಿಯಲ್ಲಿ ಹವಾಮಾನ ಹೇಳುವವನು ಆ ಮೋಡದ ಹಿಂದಿನಿಂದ ನಾಳೆ ಬಿಸಿಲು ಎನ್ನುತ್ತಿದ್ದ. ನಾನು ಶೆರಿಡನ್‌ಗೆ ಫೋನು ಮಾಡಿದೆ.

"ಆಂಟಿ, ಮೈ ಹಳೇದನ್ನೇ ಕೇಳತ್ತೆ. ಸ್ವಲ್ಪ ದಿನ ಹೀಗೇ. ಆಮೇಲೆ ಅದಕ್ಕೇ ಸಾಕಾಗತ್ತೆ, ಸೇದೋದು ಕಡಿಮೆ ಆಗತ್ತೆ. ಆಗ್ಲೇ ಮುಂದಿನ ಮೆಟ್ಟಿಲು. ಅವಸರ ಮಾಡಬೇಡಿ."

"ನನಗೆ ಅವಸರ ಇಲ್ಲ. ನನಗೆ ಟಿವಿ ಕಾಣ್ತಿಲ್ಲ."

ಅವಳು ಹೇಳಿದ ಹಾಗೇ ಆಯಿತು. ಮೋಡ ತೆಳುವಾಯಿತು. ಆದರೆ ಹನ್ನೆರಡರಿಂದ ಆರು ಅವನಿಗೆ ದೊಡ್ಡ ಮೆಟ್ಟಿಲಾಯಿತು, ಎರಡು ಸಲ ಇಳಿದು ಎರಡು ಸಲ ವಾಪಸ್ ಹತ್ತಿದ. ಆಗ ಶೆರಿಡನ್ ಎರಡು ಬಾಟಲಿ ಸಮಸಮ ಬೆರೆಸಿ ನಡುವೆ ಒಂಬತ್ತು ಮಾಡಿಕೊಳ್ಳಿ ಎಂದಳು. ಅವನಿಗೆ ಇದು ಬಹಳ ಇಷ್ಟವಾಯಿತು. ಕಾಲು ಹೋದ ಮೇಲೆ ಅವನು ಮನಸ್ಸಿಟ್ಟು ಕೈಯಾರೆ ಮಾಡಿದ ಮೊದಲ ಕೆಲಸ ಇದು. ಮಗಳ ಮನೆಯಿಂದ ಮಕ್ಕಳಿಗೆ ಔಷಧಿ ಹಾಕುವ ಸಿರಿಂಜು ತಂದ. ಕನ್ನಡಕ ಹಾಕಿಕೊಂಡು, ಕೈಗವಸು ಹಾಕಿಕೊಂಡು, ಅಡುಗೆಮನೆಯ ಮೇಜಿನ ಮೇಲೆ ಗಂಟೆಗಟ್ಟಲೆ ಅಳೆದ. ಉಸಿರು ಬಿಗಿಹಿಡಿದು ಅಳೆಯುತ್ತಿದ್ದ. ನಾನು ಮಾತಾಡಿಸಿದರೆ ಕೈ ಎತ್ತಿ ಸುಮ್ಮನಿರಿಸುತ್ತಿದ್ದ. ಒಂಬತ್ತಾದ ಮೇಲೆ ಏಳೂವರೆ ಮಾಡಿದ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಆಮೇಲೆ ಆರು, ನಾಲ್ಕೂವರೆ, ಮೂರು.

ಮೂರರಲ್ಲಿ ಮನೆ ಮಾಡಿಕೊಂಡ.

ಆಗ ಬೇಸಿಗೆ, ನಮ್ಮಲ್ಲಿ ಕ್ರಿಸ್ಮಸ್ ಬರುವುದೇ ಬೇಸಿಗೆಯಲ್ಲಿ. ಕ್ರಿಸ್ಮಸ್ ಆಯಿತು, ಜನವರಿ ಹೋಯಿತು. ಅವನು ಮೂರರಲ್ಲೇ ಇದ್ದ. ಮೋಡವಿಲ್ಲ, ಕೂಗಾಟವಿಲ್ಲ, ಕೆಟಲು ಒಲೆಯ ಮೇಲೆಯೇ ಇತ್ತು. ಸೊನ್ನೆಯ ಬಾಟಲಿ ತಂದಿಟ್ಟಿದ್ದ, ಅದರ ಮುಚ್ಚಳ ತೆಗೆದಿರಲಿಲ್ಲ. ಬೆರೆಸಿ ಒಂದೂವರೆ ಮಾಡು ಎಂದರೆ, "ಒಂದೂವರೆ ಅಂದ್ರೆ ಸೊನ್ನೇನೇ" ಎಂದು ಅದನ್ನೂ ಮಾಡಲಿಲ್ಲ. ಫೆಬ್ರವರಿಯಲ್ಲಿ ಮತ್ತೆ ಅಂಗಡಿಗೆ ಹೋದೆವು.

"ಮೂರು ಅಂದ್ರೆ ಏನೂ ಅಲ್ಲ ಅಂಕಲ್. ಇನ್ನು ಸೊನ್ನೆಗೆ ಬನ್ನಿ."

"ಏನೂ ಅಲ್ಲ ಅಂದ್ಮೇಲೆ ಇರ್ಲಿ ಬಿಡು."

"ಏನೂ ಅಲ್ಲ ಅಂದ್ಮೇಲೆ ಬಿಟ್ಟುಬಿಡಿ."

"ಏನೂ ಅಲ್ದೇ ಇರೋದನ್ನ ಬಿಡೋದು ಹ್ಯಾಗೆ?"

ಶೆರಿಡನ್ ನನ್ನನ್ನು ನೋಡಿದಳು. ನಾನು ಗೋಡೆ ನೋಡಿದೆ. ಇಂಥ ಮಾತಿನಲ್ಲಿ ಅವನನ್ನು ಗೆದ್ದವರು ಬ್ಲಫ್‌ನಲ್ಲಿ ಇಲ್ಲ.

ಅವನಿಗೆ ಭಯವಾಗಿತ್ತು. ನನಗೆ ಗೊತ್ತಿತ್ತು. ಚಂಡಮಾರುತದಲ್ಲಿ ದೋಣಿಯ ಮೇಲೆ ನಿಂತು ಸ್ಯಾಂಡ್‌ವಿಚ್ ತಿಂದವನು, ಸೊನ್ನೆಯ ಬಾಟಲಿಯನ್ನು ಫ್ರಿಜ್ಜಿನ ಹಿಂದೆ ಇಟ್ಟಿದ್ದ. ಅದನ್ನು ಸೇದಿಯೂ ಚಟ ಹೋಗದಿದ್ದರೆ ಮುಂದೆ ಇಳಿಯಲು ಮೆಟ್ಟಿಲು ಇಲ್ಲ. ಅದಾದ ಮೇಲೆ ಅವನು, ಅವನ ಕಾಲು, ಅಷ್ಟೇ.

ಏಪ್ರಿಲ್ ಬಂತು. ದ್ವೀಪದಲ್ಲಿ ಅಂಗಡಿ ಇಲ್ಲ. ಹಿಟ್ಟು, ಉಪ್ಪು, ಗ್ಯಾಸು, ಔಷಧಿ ಎಲ್ಲವನ್ನೂ ಹೆಲಿಕಾಪ್ಟರಿನಲ್ಲಿ ಹೊತ್ತು ಹೋಗಬೇಕು. ರಾವಿರಿ ತನ್ನದೊಂದು ಯೋಜನೆ ಹಾಕಿದ. ಏಪ್ರಿಲ್ ಪೂರ್ತಿ ಮೂರು, ಮೇ ಪೂರ್ತಿ ಸೊನ್ನೆ. ಮೂರನ್ನು ದೊಡ್ಡ ಬಾಟಲಿಯಲ್ಲಿ ತುಂಬಿದ, ಸೊನ್ನೆಯನ್ನು ಚಿಕ್ಕದರಲ್ಲಿ. ಮೇ ತಿಂಗಳೂ ಏಪ್ರಿಲ್‌ನಷ್ಟೇ ಉದ್ದ ಎಂದು ನಾನು ಹೇಳಿದೆ. "ಅಷ್ಟು ಬೇಕಾಗಲ್ಲ" ಎಂದ. ಸೊನ್ನೆ ಬೇಕಾಗಲ್ಲ ಎಂದನೋ, ಮೂರೇ ಮೇ ತಿಂಗಳಿಗೂ ಬರುತ್ತದೆ ಎಂದನೋ, ನಾನು ಕೇಳಲಿಲ್ಲ.

ನಮ್ಮ ದ್ವೀಪದ ಮನೆಯಲ್ಲಿ ನಾವು ನಾಲ್ವರು. ನಾವಿಬ್ಬರು, ರಾವಿರಿಯ ದೊಡ್ಡಮ್ಮನ ಮಗಳು ಕುರಾ ಅಕ್ಕ, ಅವಳ ತಮ್ಮ ತಿಪೆನೆ. ಕುರಾ ಅಕ್ಕನಿಗೆ ಎಪ್ಪತ್ತು ದಾಟಿದೆ, ಆ ಮನೆಯಲ್ಲಿ ಅವಳ ಮಾತೇ ಕೊನೆಯದು. ಅಕ್ಕ ತಮ್ಮ ಇಬ್ಬರೂ ತಂಬಾಕು ಸುತ್ತಿ ಸೇದುವವರು. ಅಲ್ಲಿ ಒಂದು ಕ್ರಮವಿದೆ. ತಂದದ್ದೆಲ್ಲ ಮೇಜಿನ ಮೇಲೆ, ಇಲ್ಲವೇ ಮೇಜಿನ ಪಕ್ಕದ ಕಪಾಟಿನಲ್ಲಿ. ಮೇಜಿನ ಮೇಲಿರುವುದು ಎಲ್ಲರದು. ಬಿಸ್ಕತ್ತಾಗಲಿ ತಂಬಾಕಾಗಲಿ, ನನ್ನದು ನಿನ್ನದು ಎಂಬುದಿಲ್ಲ. ಹವೆ ಕೆಟ್ಟರೆ ಯಾರೂ ಬರಲಾಗದ ಜಾಗದಲ್ಲಿ ಬಚ್ಚಿಟ್ಟು ತಿನ್ನುವವನ ಜೊತೆ ಬಾಳುವುದು ಹೇಗೆ? ಕುರಾ ಅಕ್ಕನ ಅಜ್ಜಿಯ ಕಾಲದಿಂದಲೂ ಹೀಗೇ.

ರಾವಿರಿ ತನ್ನ ಬಾಟಲಿಗಳನ್ನು ಹಾಸಿಗೆಯ ಕೆಳಗಿನ ಚೀಲದಲ್ಲಿ ಇಟ್ಟ. ಔಷಧಿ ಎಂದ. ವೇಪು ಬೇರೆ ಯಾರಿಗೂ ಬೇಡವಾಗಿತ್ತು, ಹಾಗಾಗಿ ಯಾರೂ ಏನೂ ಅನ್ನಲಿಲ್ಲ.

"ಬಂತು ನೋಡು ಕೆಟಲು" ಎನ್ನುತ್ತಿದ್ದ ತಿಪೆನೆ, ರಾವಿರಿ ಶೆಡ್ಡಿಗೆ ಬಂದಾಗಲೆಲ್ಲ. "ಹಬೆ ಬರ್ತಾ ಇದೆ, ಚಹಾ ಎಲ್ಲಪ್ಪಾ?"

"ನಿನ್ನ ಕೆಮ್ಮು ನಿಲ್ಲಿಸು, ಹಕ್ಕಿಗಳು ಹೆದರ್ತಿವೆ."

"ಗಂಡಸು ಹೊಗೆ ಬಿಡ್ತಾನೆ ಕಣೋ. ಕಸ್ಟರ್ಡ್ ಬಿಡಲ್ಲ."

ಏಪ್ರಿಲ್ ನಡುವಿಗೆ ಹೆಲಿಕಾಪ್ಟರು ಸಾಮಾನು ತರಬೇಕಿತ್ತು. ತಿಪೆನೆ ಅದನ್ನೇ ನಂಬಿ ತಂಬಾಕು ಕಡಿಮೆ ತಂದಿದ್ದ. ದಕ್ಷಿಣದ ಗಾಳಿ ಎದ್ದಿತು. ಸಮುದ್ರದ ಮೇಲೆ ಮೋಡ ಕೂತಿತು. ದಿನಾ ರೇಡಿಯೋದಲ್ಲಿ ಕೇಳಿದರೆ "ನಾಳೆ ನೋಡೋಣ" ಎನ್ನುತ್ತಿದ್ದರು. ನಾಳೆಯೂ ಅದನ್ನೇ ಹೇಳುತ್ತಿದ್ದರು. ತಂಬಾಕು ಮುಗಿಯಿತು. ತಿಪೆನೆ ಡಬ್ಬಿಯ ಮೂಲೆ ಕೆರೆದು ಸೇದಿದ. ಆಮೇಲೆ ಹಳೆಯ ಕೋಟುಗಳ ಜೇಬು ಕೊಡವಿ ಸೇದಿದ. ಕೊನೆಗೆ ಶೆಡ್ಡಿಗೆ ಬಂದು ರಾವಿರಿಯ ಎದುರು ಬಕೆಟ್ಟು ಬೋರಲು ಹಾಕಿ ಕೂತ.

"ನಿನ್ನ ಕೆಟಲು ಸ್ವಲ್ಪ ಕೊಡೋ."

"ಗಂಡಸು ಕಸ್ಟರ್ಡ್ ಬಿಡಲ್ಲ."

"ಲೇ, ಕೊಡೋ."

ರಾವಿರಿಯ ಬಳಿ ಹಳೆಯ ವೇಪೊಂದು ಇತ್ತು. ಹಾಸಿಗೆಯ ಹತ್ತಿರ ಹೋಗಿ ಅದನ್ನು ತುಂಬಿ ತಂದು ಕೊಟ್ಟ. ಅಕ್ಕ ತಮ್ಮ ಇಬ್ಬರಿಗೂ ಸೇರಿ ಅದೊಂದು. ತಿಪೆನೆ ಒಂದು ದಮ್ಮು ಎಳೆದು ಮುಖ ಕಿವುಚಿದ. "ಥೂ. ಮಗುವಿನ ಹುಟ್ಟುಹಬ್ಬ ನೆಕ್ಕಿದ ಹಾಗಿದೆ." ಮತ್ತೆ ಎಳೆದ. ಸಂಜೆಯ ಹೊತ್ತಿಗೆ "ಪರವಾಗಿಲ್ಲ, ಈಗ ಜೀವ ಬಂತು" ಎಂದ. ಮರುದಿನವೂ ಸಮಾಧಾನವಾಗಿದ್ದ. ಕುರಾ ಅಕ್ಕ ಮಾತ್ರ ಸೇದಿ, ವೇಪನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

ಅದರ ಮರುದಿನ ಮಧ್ಯಾಹ್ನ ರಾವಿರಿ ಪುಕ್ಕದ ಚೀಲ ಸುರಿಯಲು ಹೊರಗೆ ಹೋದ. ಅವನ ವೇಪು ಬೆಂಚಿನ ಮೇಲಿತ್ತು. ಕುರಾ ಅಕ್ಕ ಕೈ ಒರೆಸಿಕೊಂಡು ಅದನ್ನು ಎತ್ತಿಕೊಂಡಳು, ಒಂದು ಸಲ ಎಳೆದಳು. ತಮ್ಮನ ಕೈಯಿಂದ ಹಳೆಯದನ್ನು ಕಿತ್ತುಕೊಂಡು ಅದನ್ನೂ ಎಳೆದಳು. ಐವತ್ತು ವರ್ಷ ತಂಬಾಕು ಸೇದಿದ ಗಂಟಲು ಅವಳದು.

ರಾವಿರಿ ಒಳಗೆ ಬಂದ. ಕುರಾ ಅಕ್ಕ ಹಳೆಯದನ್ನು ಅವನ ಮುಂದೆ ಹಿಡಿದಳು.

"ಇದರಲ್ಲಿ ಏನು ಹಾಕಿದೀಯಾ?"

"ಜ್ಯೂಸು."

"ಏನಿದೆ ಅದರಲ್ಲಿ?"

"ರುಚಿ ಇದೆ" ಎಂದ.

"ನಿನ್ನದರಲ್ಲಿ?"

ಅವನು ಖಾಲಿ ಚೀಲ ಮಡಚತೊಡಗಿದ. ತಿಪೆನೆ ಕೈಯಲ್ಲಿದ್ದ ಹಕ್ಕಿಯನ್ನು ಕೆಳಗಿಟ್ಟ. "ಏನಂದೆ? ನಾನು ಎರಡು ದಿನದಿಂದ ಗಾಳಿ ಸೇದ್ತಾ ಇದೀನಾ?"

"ಜೀವ ಬಂತು ಅಂದೆಯಲ್ಲ."

"ಲೇ, ನಿನ್ನ—"

"ನೀನು ಸುಮ್ನಿರು" ಎಂದಳು ಕುರಾ ಅಕ್ಕ ತಮ್ಮನಿಗೆ. "ರಾವಿರಿ, ದ್ವೀಪದಲ್ಲಿ ಬಚ್ಚಿಡೋದು ಯಾರು ಕಲಿಸಿದ್ರು ನಿನಗೆ?"

"ಆಪರೇಷನ್ನಿಗೆ ಬೇಕಕ್ಕ."

"ಆಪರೇಷನ್ನಿಗೆ ನಿಕೋಟಿನ್ ಬೇಡ ಅಂದ್ರಂತಲ್ಲ ಡಾಕ್ಟ್ರು?"

"ಹೌದು. ಅದನ್ನ ಬಿಡೋದಕ್ಕೆ ಬೇಕು. ನಿಧಾನವಾಗಿ ಬಿಡೋದಕ್ಕೆ."

"ಬಿಡೋದಕ್ಕೆ ಅಂತ ಬಚ್ಚಿಟ್ಕೊಂಡೆ."

"ಹೌದಕ್ಕ."

ಕುರಾ ಅಕ್ಕ ನನ್ನ ಕಡೆ ತಿರುಗಿದಳು. "ನೋಲೀನ್, ಇವನ ಜೊತೆ ಇಷ್ಟು ವರ್ಷ ಹ್ಯಾಗೆ ಬಾಳ್ದೆ?"

"ಅಭ್ಯಾಸ ಆಯ್ತಕ್ಕ" ಅಂದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಮತ್ತೆ ಹಕ್ಕಿ ಎತ್ತಿಕೊಂಡು ಪುಕ್ಕ ಕೀಳಲು ಕೂತಳು. ರಾವಿರಿ ಕೋಲು ಹಿಡಿದು ಮನೆಗೆ ಹೋದ. ನಾವು ಊಟಕ್ಕೆ ಹೋದಾಗ ದೊಡ್ಡ ಬಾಟಲಿ ಮೇಜಿನ ನಡುವೆ ಇತ್ತು, ಬೆಣ್ಣೆಯ ಪಕ್ಕದಲ್ಲಿ.

ಮೂವರೂ ಸೇರಿ ಅದನ್ನು ಮೇಯ್ದರು. ಮೂರು ಬಹಳ ತೆಳು ಎಂದು ತಿಪೆನೆ ಬಾಯಿಂದ ಇಳಿಸಲೇ ಇಲ್ಲ. ನಮ್ಮ ಹಾಲ್‌ನ ಮೋಡ ದ್ವೀಪಕ್ಕೂ ಬಂತು. ಒಂದು ತಿಂಗಳಿಗೆಂದು ಇಟ್ಟದ್ದು ಒಂದು ವಾರವೂ ಬರಲಿಲ್ಲ. ಆಮೇಲೆ ಮನೆಯಲ್ಲಿ ಉಳಿದದ್ದು ಸೊನ್ನೆ, ಅದೂ ಚಿಕ್ಕ ಬಾಟಲಿ. ತಿಪೆನೆ ಅದನ್ನು ಮುಟ್ಟಲಿಲ್ಲ. ಒಮ್ಮೆ ಮೋಸ ಹೋದದ್ದು ಸಾಕು ಎಂದ.

ರಾವಿರಿ ಮುಟ್ಟಿದ. ಬೇರೆ ಏನೂ ಇರಲಿಲ್ಲ. ಮೊದಲ ದಮ್ಮು ಎಳೆದು ನನ್ನನ್ನು ನೋಡಿದ.

"ಹ್ಯಾಗಿದೆ?" ಅಂದೆ.

"ಖಾಲಿ ಬಿಲಕ್ಕೆ ಕೈ ಹಾಕಿದ ಹಾಗಿದೆ."

ಅವನ ಸಿಟ್ಟು ಕೈಗೆ ಬಂತು. ಪುಕ್ಕ ಕೀಳುವಾಗ ಜೋರಾಗಿ ಎಳೆದು ಹಕ್ಕಿಯ ಚರ್ಮ ಹರಿದುಹಾಕಿದ. ಚರ್ಮ ಹರಿದದ್ದನ್ನು ಉಪ್ಪು ಹಾಕಿ ಬಕೆಟ್ಟಿಗೆ ತುಂಬುವಂತಿಲ್ಲ, ಯಾರಿಗೂ ಕೊಡುವಂತಿಲ್ಲ. ಅಲ್ಲೇ ತಿನ್ನಬೇಕು. ಹಾಗಾಗಿ ಆ ದಿನಗಳಲ್ಲಿ ನಾವು ಬಹಳ ಹಕ್ಕಿ ತಿಂದೆವು. ಬೇಯಿಸಿದ ಹಕ್ಕಿ, ಆಲೂಗಡ್ಡೆ. ಹುರಿದ ಹಕ್ಕಿ, ಆಲೂಗಡ್ಡೆ. ತಿಪೆನೆಯದೂ ಅದೇ ಗತಿ, ಅವನು ಬಾಗಿಲನ್ನು ಒದೆಯುತ್ತಿದ್ದ. ಕುರಾ ಅಕ್ಕ ಒಬ್ಬಳೇ ಏನೂ ಆಗದವಳಂತೆ ಕೂತಿರುತ್ತಿದ್ದಳು. ಆದರೆ ಒಂದು ಸಂಜೆ ಸಾರಿಗೆ ಉಪ್ಪಿನ ಬದಲು ಸಕ್ಕರೆ ಹಾಕಿದಳು. ಎಲ್ಲರೂ ಅದನ್ನೇ ಉಂಡೆವು.

ಐದಾರು ದಿನ ಹೀಗೆ ಕಳೆದ ಮೇಲೆ ರಾವಿರಿಯ ಹಕ್ಕಿಗಳು ಹರಿಯುವುದು ಕಡಿಮೆಯಾಯಿತು. ಸೊನ್ನೆಯನ್ನು ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಎಳೆಯುತ್ತಿದ್ದ. ಬಾಯಿಗೆ ಏನೋ ಬೇಕು, ಕೈಗೆ ಏನೋ ಬೇಕು, ಅಷ್ಟೇ ಎಂದ. ಮೆಚ್ಚಿ ಮಾತಾಡಿದರೆ ಕೆಡುತ್ತದೆ ಎಂದು ಸುಮ್ಮನಿದ್ದೆ.

ಹಾಗಿರುವಾಗ ಮೋಡ ಹರಿಯಿತು. ಹೆಲಿಕಾಪ್ಟರು ಬಂತು. ಹಿಟ್ಟು, ಈರುಳ್ಳಿ, ಬ್ಯಾಟರಿ ಇಳಿಸಿದರು. ಜೊತೆಗೆ ತಂಬಾಕು, ದೊಡ್ಡ ಡಬ್ಬಿ. ತಿಪೆನೆ ಅದನ್ನು ಮಗುವಿನಂತೆ ಎತ್ತಿಕೊಂಡು ಬಂದ. ನೇರ ಮೇಜಿನ ನಡುವೆ ಇಟ್ಟು ಮುಚ್ಚಳ ತೆಗೆದ. ಮನೆಯೆಲ್ಲ ಅದರ ವಾಸನೆ. ಸೇದದ ನನಗೇ ಚೆನ್ನಾಗಿದೆ ಅನ್ನಿಸಿತು.

ಮೊದಲನೆಯದನ್ನು ಸುತ್ತಿ ರಾವಿರಿಯ ಮುಂದೆ ಹಿಡಿದ. ತಿಪೆನೆಯ ಬಾಯಿ ಕೆಟ್ಟದು, ಮನಸ್ಸು ಒಳ್ಳೆಯದು.

"ತಗೋಳೋ. ನಿನ್ನದನ್ನೆಲ್ಲ ನಾವು ತಿಂದ್ವಿ. ಇದು ನಿನಗೆ ಬರಬೇಕಾದ್ದು."

"ಬೇಡ."

"ಒಂದೇ ಒಂದು. ಡಾಕ್ಟ್ರು ಇಲ್ಲೇನು ಬಿಲದಲ್ಲಿ ಕೂತಿದಾರಾ?"

"ಬೇಡ ಕಣೋ."

"ಏನಾಯ್ತೋ ನಿನಗೆ? ಮೇಜಿನ ಮೇಲಿದ್ದದ್ದು ಬೇಡ ಅಂತೀಯಾ? ನಮ್ಮ ಮೇಲೆ ಇನ್ನೂ ಸಿಟ್ಟಾ?"

ಅಲ್ಲಿ ಮೇಜಿನ ಮೇಲಿಟ್ಟು ಕೊಟ್ಟದ್ದನ್ನು ಬೇಡ ಅನ್ನುವುದು ಮುಖ ತಿರುಗಿಸಿದಂತೆ. ರಾವಿರಿಗೆ ಅದು ಗೊತ್ತು. ಒಂದು ಸಲ ತಪ್ಪು ಮಾಡಿ ನಾಚಿಕೆ ಪಟ್ಟಿದ್ದವನು ಎರಡನೆಯ ಸಲ ಬೇಡ ಅನ್ನುವುದು ಕಷ್ಟ. ಅವನು ಆ ಸಿಗರೇಟನ್ನು ನೋಡಿದ. ಕೈ ಮೇಜಿನ ಮೇಲೆ ಬಂತು. ಬೆರಳು ಅರ್ಧ ದಾರಿ ಹೋಗಿ ನಿಂತಿತು. ಅಲ್ಲೇ ಇತ್ತು. ಮುಂದೆಯೂ ಹೋಗಲಿಲ್ಲ, ಹಿಂದೆಯೂ ಬರಲಿಲ್ಲ. ನಾನು ಅವನ ಪಕ್ಕದಲ್ಲೇ ಕೂತಿದ್ದೆ. ಒಂದು ಮಾತು ಆಡಬಹುದಿತ್ತು. ಆದರೆ ಆ ಮೇಜಿನ ಕ್ರಮ ನನ್ನದಲ್ಲ.

ಕುರಾ ಅಕ್ಕ ಎದ್ದಳು. ತಮ್ಮನ ಕೈಯಿಂದ ಆ ಸಿಗರೇಟು ತೆಗೆದು ಡಬ್ಬಿಗೆ ಹಾಕಿದಳು. ಡಬ್ಬಿಯ ಮುಚ್ಚಳ ಹಾಕಿದಳು. ಅದನ್ನು ತನ್ನ ಏಪ್ರನ್ನಿನ ಜೇಬಿಗೆ ತುರುಕಿದಳು. ಜೇಬಿನಲ್ಲಿ ಹಿಡಿಸಲಿಲ್ಲ, ಅರ್ಧ ಹೊರಗೇ ಇತ್ತು.

ತಿಪೆನೆಯ ಬಾಯಿ ತೆರೆದುಕೊಂಡೇ ಇತ್ತು. "ಅಕ್ಕ! ದ್ವೀಪದಲ್ಲಿ ಬಚ್ಚಿಡೋದು ಯಾರು ಕಲಿಸಿದ್ರು ನಿನಗೆ?"

"ಬೇಕಾದ್ರೆ ನನ್ನ ಹತ್ರ ಕೇಳು. ಆಚೆ ಹೋಗಿ ಸೇದು. ಗಾಳಿ ಆ ಕಡೆಗಿರೋವಾಗ ಸೇದು."

"ಇವನ ಒಂದು ಕಾಲಿಗೋಸ್ಕರ ನಾನು ಮಳೇಲಿ ನಿಲ್ಲಬೇಕಾ?"

"ನಿನಗೆ ಎರಡು ಕಾಲಿದೆ. ನಿಲ್ಲು."

ತಿಪೆನೆ ನಿಂತ. ಮೇ ಪೂರ್ತಿ ಮಳೆಯಲ್ಲಿ ಗೋಡೆಗೆ ಒರಗಿ ಸೇದಿದ, ಪ್ರತಿ ಸಲವೂ ಒಳಗಿನವರಿಗೆ ಕೇಳುವಂತೆ ಬೈದುಕೊಂಡೇ ಸೇದಿದ. ಕುರಾ ಅಕ್ಕನೂ ಆಚೆಗೇ ಹೋಗುತ್ತಿದ್ದಳು. ಬಂದಾಗ ಅವಳ ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು. ರಾವಿರಿ ಒಂದು ಟವೆಲನ್ನು ಬಾಗಿಲ ಹತ್ತಿರ ಮೊಳೆಗೆ ನೇತುಹಾಕಿದ.

ದ್ವೀಪದಿಂದ ಬಂದ ಮೇಲೆ ಪರೀಕ್ಷೆಗೆ ಕೊಟ್ಟ. ಫಲಿತಾಂಶ ಕೇಳಲು ಡಾಕ್ಟರ ಮುಂದೆ ಕೂತೆವು. ಒಂದು ವಾರ ಗಾಳಿ ತಿರುಗಿ, ಮಳೆಯಲ್ಲಿ ತಿಪೆನೆ ಬಿಟ್ಟ ಹೊಗೆ ಒಳಗೆ ಬಂದಿತ್ತಲ್ಲ, ಅದೂ ಕಂಡರೆ ಎಂಬ ಚಿಂತೆ ಅವನಿಗೆ.

"ಏನೂ ಇಲ್ಲ" ಎಂದರು ಪೆಂಬರ್ಟನ್.

"ಏನೂ ಇಲ್ಲ ಅಂದ್ರೆ?"

"ಏನೂ ಇಲ್ಲ ಅಂದ್ರೆ ಏನೂ ಇಲ್ಲ. ಸೊನ್ನೆ."

ಅವನು ನನ್ನ ಕಡೆ ತಿರುಗಿ, "ಕೇಳಿಸ್ತಾ?" ಎಂದ. ಕೇಳಿಸಿತು ಅಂದೆ. ಕಾರಿನಲ್ಲಿ ಕೂತ ಮೇಲೆ ಮತ್ತೆ ಕೇಳಿದ.

ಜೂನ್‌ನಲ್ಲಿ ಕಾಲು ಕೊಯ್ದು ಸ್ಕ್ರೂ ಹಾಕಿದರು. ಮೂಳೆ ಕೂಡುವವರೆಗೆ ಕಾಲು ನೆಲಕ್ಕೆ ಊರುವಂತಿರಲಿಲ್ಲ. ಚಳಿಗಾಲವೆಲ್ಲ ಸೋಫಾದ ಮೇಲೆ ಮಲಗಿದ್ದ. ನಾನು ಚೀಸ್ ರೋಲ್ ಮಾಡಿ ಕೊಟ್ಟೆ, ಅವನು ದಪ್ಪಗಾದ. ಸೊನ್ನೆಯ ವೇಪು ಮೊದಮೊದಲು ಪಕ್ಕದಲ್ಲೇ ಇರುತ್ತಿತ್ತು. ಆಮೇಲೆ ಅದರ ಚಾರ್ಜು ಹೋಯಿತು. ಚಾರ್ಜಿಗೆ ಹಾಕು ಎಂದು ಅವನು ಹೇಳಲಿಲ್ಲ, ನಾನು ಹಾಕಲಿಲ್ಲ. ವಸಂತದಲ್ಲಿ ಎಕ್ಸ್‌ರೇ ತೆಗೆದಾಗ ಮೂಳೆ ಒಂದಾಗಿತ್ತು.

ಅದರ ಮುಂದಿನ ಏಪ್ರಿಲ್‌ನಲ್ಲಿ ದ್ವೀಪಕ್ಕೆ ಇಳಿದ ಮೊದಲ ಬೆಳಿಗ್ಗೆ ಅವನು ಕೊಕ್ಕೆ ಮತ್ತು ಚೀಲ ತೆಗೆದುಕೊಂಡ. ಕೋಲು ತೆಗೆದುಕೊಳ್ಳಲಿಲ್ಲ. ಜಾರುತ್ತದೆ ಎಂದು ನಾನೂ ಹಿಂದೆ ಹೋದೆ. ಅವನ ನಡಿಗೆ ಚೆನ್ನಾಗಿರಲಿಲ್ಲ, ಎಡಗಾಲನ್ನು ಮರದ ತುಂಡಿನ ಹಾಗೆ ಊರುತ್ತಿದ್ದ. ಆದರೆ ಊರಿದಲ್ಲಿ ಅದು ನಿಲ್ಲುತ್ತಿತ್ತು. ಇಳಿಜಾರಿನಲ್ಲಿ ನಾನು ಎರಡು ಸಲ ಬಿದ್ದೆ.

"ರಾವಿರಿ, ನಿಲ್ಲೋ! ನಾನು ಬರ್ಬೇಕು."

"ನೀನು ಶೆಡ್ಡಿಗೆ ಹೋಗು. ಇಲ್ಲಿ ಬೀಳ್ತೀಯಾ."

ಹೇಳಿ ದಿಬ್ಬದ ಆಚೆ ಇಳಿದ. ಕೆಳಗೆ ಅವನ ಹಾಡು ಕೇಳಿಸಿತು, ಬೇರಿನ ನಡುವೆ ಮಲಗಿ ಬಿಲಕ್ಕೆ ಕೈ ತೂರಿಸಿಕೊಂಡೇ ಹಾಡುತ್ತಿದ್ದ. ನಾನು ಶೆಡ್ಡಿಗೆ ಹೋದೆ. ಸಂಜೆ ಅವನು ಚೀಲ ಇಳಿಸಿದ. ತಿಪೆನೆಯ ಚೀಲಕ್ಕಿಂತ ತುಂಬಿತ್ತು. ಕುರಾ ಅಕ್ಕ ಎರಡನ್ನೂ ಎತ್ತಿ ನೋಡಿ, "ತಿಪೆನೆ, ನಿನಗೂ ಒಂದು ಆಪರೇಷನ್ ಮಾಡಿಸೋಣ" ಎಂದಳು.

ಅಂಥ ಋತುಗಳು ಅವನಿಗೆ ಎರಡು ಸಿಕ್ಕವು. ಹೋದ ಜನವರಿಯಲ್ಲಿ, ಬೆಳಿಗ್ಗೆ ಬೂಟು ಹಾಕಿಕೊಳ್ಳುತ್ತಾ ಕೂತವನು ಹಾಗೇ ಪಕ್ಕಕ್ಕೆ ವಾಲಿದ. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು. ಆಸ್ಪತ್ರೆಯಲ್ಲಿ ಹುಡುಗ ಡಾಕ್ಟರೊಬ್ಬ ಪ್ರಶ್ನೆಗಳನ್ನು ಕೇಳಿದ. ಸೇದುತ್ತಿದ್ದರೇ ಎಂದ. ಇಲ್ಲ ಅಂದೆ. ಹಿಂದೆ? ಅಂದ. ಹಿಂದೆ ಸೇದುತ್ತಿದ್ದ ಅಂದೆ. ಹಾಗಾದರೆ ಅದರಿಂದ ಇರಬಹುದು ಎಂದ. ಇರಬಹುದು. ಬಿಡದಿದ್ದರೆ ಇನ್ನೂ ಮೊದಲೇ ಹೋಗುತ್ತಿದ್ದನೋ, ಬೇಗ ಬಿಟ್ಟಿದ್ದರೆ ಇನ್ನೂ ಇರುತ್ತಿದ್ದನೋ, ಯಾರೂ ನನಗೆ ಹೇಳಲಿಲ್ಲ. ಅವನು ಬಿಟ್ಟದ್ದು ಬದುಕಲು ಅಲ್ಲ, ಕಾಲಿಗೆ.

ಆ ಕಾಲಿನಲ್ಲಿ ಏಳು ಸ್ಕ್ರೂ ಇದ್ದವು. ಅವು ಈಗ ಅವನ ಜೊತೆ ಮಣ್ಣಿನಲ್ಲಿವೆ. ಹಾಕಿದ ದಿನ ನಾನು ಪೆಂಬರ್ಟನ್‌ರನ್ನು ಕೇಳಿದ್ದೆ, ಇವು ಎಷ್ಟು ವರ್ಷ ಬಾಳಿಕೆ ಬರುತ್ತವೆ ಎಂದು. ನಿಮ್ಮ ಗಂಡನ ಜೀವಮಾನವೆಲ್ಲ ಬರುತ್ತವೆ ಎಂದಿದ್ದರು. ಬಂದವು.